ಕೌಂಟರಿನ ಈಚೆ ಕೂತವನ ಶುಗರ್

ವಿಜಯಪುರದಲ್ಲಿ ನನ್ನದೊಂದು ಸಣ್ಣ ಮೆಡಿಕಲ್ ಅಂಗಡಿ ಇದೆ. ಗಾಂಧಿ ಚೌಕದಿಂದ ನಡೆದರೆ ಐದು ನಿಮಿಷ. ಡಿ.ಫಾರ್ಮ ಮುಗಿಸಿ ಹತ್ತೊಂಬತ್ತು ವರ್ಷದಿಂದ ಇದೇ ಕೌಂಟರಿನ ಹಿಂದೆ ಕೂತಿದ್ದೇನೆ. ಇಷ್ಟು ವರ್ಷದಲ್ಲಿ ಎಷ್ಟು ಶುಗರ್ ಗುಳಿಗೆ ಕತ್ತರಿಸಿ ಕೊಟ್ಟೆನೋ ಲೆಕ್ಕವಿಲ್ಲ. "ಊಟ ಆದಮ್ಯಾಲ ತಗೋರಿ, ಸಿಹಿ ಬಿಡ್ರಿ, ದಿನಾ ಒಂದ್ ತಾಸ್ ಅಡ್ಡಾಡ್ರಿ" ಅಂತ ಕ್ಯಾಸೆಟ್ ಹಾಕಿದ ಹಾಗೆ ಹೇಳಿದ್ದಕ್ಕೂ ಲೆಕ್ಕವಿಲ್ಲ. ಆದರೆ ನನ್ನ ಸ್ವಂತ ಬೆರಳಿಗೆ ಸೂಜಿ ಚುಚ್ಚಿ ನೋಡಿಕೊಳ್ಳೋದಕ್ಕೆ ಎರಡು ವರ್ಷ ಹಿಡಿಯಿತು. ಮೀಟರ್ ಎಲ್ಲಿತ್ತು ಗೊತ್ತಾ? ನನ್ನ ಬೆನ್ನ ಹಿಂದಿನ ಕಪಾಟಿನಲ್ಲಿ, ಕೈಗೆ ಸಿಗುವಷ್ಟು ಹತ್ತಿರ.

ಲಕ್ಷಣ ಗೊತ್ತಿರಲಿಲ್ಲವಾ ಅಂದ್ರೆ, ಎಲ್ಲಾ ಗೊತ್ತಿತ್ತು. ರಾತ್ರಿ ಎರಡು ಸಲ ಏಳುತ್ತಿದ್ದೆ. ನೀರಡಿಕೆ ತಡೆಯುತ್ತಿರಲಿಲ್ಲ. ಇದನ್ನೇ ಬೇರೆಯವರು ಬಂದು ಹೇಳಿದ್ದರೆ "ಇವತ್ತೇ ಚೆಕ್ ಮಾಡಿಸ್ರಿ" ಅನ್ನುತ್ತಿದ್ದೆ. ನನಗೆ ನಾನು ಹೇಳಿಕೊಂಡದ್ದು "ಬ್ಯಾಸಗಿ ಅಲ್ಲಾ, ನೀರಡಿಕಿ ಆಗೂದ". ನಮ್ಮ ಊರಿನ ಬಿಸಿಲು ಎಲ್ಲ ಸುಳ್ಳಿಗೂ ಒಳ್ಳೇ ನೆಪ. ಆಮೇಲೆ ಚಳಿಗಾಲ ಬಂತು, ನೀರಡಿಕೆ ಹೋಗಲಿಲ್ಲ, ನಾನು ಹೊಸ ನೆಪ ಹುಡುಕಿದೆ.

2023ರಲ್ಲಿ ಐಸಿಎಂಆರ್ ಅಂದ್ರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನ ಪೇಪರಿನಲ್ಲಿ ಬಂತು. ಭಾರತದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿ ನಿಂತಿದ್ದಾರೆ ಅಂತ. ನಾನು ಆ ಸುದ್ದಿ ಕತ್ತರಿಸಿ ಅಂಗಡಿಯ ಗಾಜಿಗೆ ಅಂಟಿಸಿದೆ. ಅಕ್ಷರ ಹೊರಗಡೆಗೆ ಮುಖ ಮಾಡಿದ್ದವು. ನಾನು ಕೂತ ಕಡೆಯಿಂದ ಬರೀ ಬಿಳಿ ಹಾಳೆ ಕಾಣುತ್ತಿತ್ತು.

ಯಾಕೆ ಹೀಗೆ ಅಂತ ಈಗ ಹೇಳಬಲ್ಲೆ, ಆಗ ಹೇಳಲು ಬರುತ್ತಿರಲಿಲ್ಲ. ನಮ್ಮ ಅಪ್ಪನ ಎಡಗಾಲಿನ ಎರಡು ಬೆರಳು ಶುಗರಿನಿಂದಲೇ ಹೋದವು. ದಿನಾ ಸಂಜೆ ಡ್ರೆಸಿಂಗ್ ಮಾಡುತ್ತಿದ್ದವನು ನಾನೇ. ಇವತ್ತಿಗೂ ಪೊವಿಡೋನ್ ಅಯೋಡಿನ್ ಬಾಟಲಿಯ ಮುಚ್ಚಳ ತೆಗೆದರೆ ನನಗೆ ಮೊದಲು ಕಾಣೋದು ಆ ಕಾಲು. ಯೋಚನೆ ಆಮೇಲೆ ಬರುತ್ತದೆ, ಹೊಟ್ಟೆ ಮೊದಲು ತೊಳಸುತ್ತದೆ. ಮೆದುಳಿನ ಒಳಗೆ, ಕಿವಿಯ ಮಟ್ಟಕ್ಕೆ, ಎರಡೂ ಬದಿ ಅಮಿಗ್ಡಲಾ ಅಂತ ಒಂದೊಂದು ಸಣ್ಣ ಭಾಗ ಇದೆ. ಬಾದಾಮಿ ಬೀಜದಷ್ಟು, ಅದೇ ಆಕಾರ. ಗ್ರೀಕಿನಲ್ಲಿ ಆ ಹೆಸರಿನ ಅರ್ಥವೂ ಬಾದಾಮಿಯೇ. (ನಮ್ಮ ಕಡೆ ಬಾದಾಮಿ ಅಂದ್ರೆ ಬನಶಂಕರಿ ಜಾತ್ರೆ ನೆನಪಾಗುತ್ತದೆ, ಅದು ಬೇರೆ ಮಾತು.) ಹೆದರಿಕೆಯ ನೆನಪು ಗಟ್ಟಿಯಾಗಿ ಕೂರೋದರಲ್ಲಿ ಇದರ ಪಾಲು ದೊಡ್ಡದು. ಜೋಸೆಫ್ ಲೆಡೂ ಅನ್ನುವ ಅಮೆರಿಕದ ವಿಜ್ಞಾನಿ ಇಲಿಗಳಲ್ಲಿ ತೋರಿಸಿದ ಪ್ರಕಾರ ಅಪಾಯದ ಸುದ್ದಿ ಅಲ್ಲಿಗೆ ಎರಡು ದಾರಿಯಲ್ಲಿ ಹೋಗುತ್ತದೆ. ಒಂದು ಅಡ್ಡದಾರಿ, ಬೇಗ ಮುಟ್ಟುತ್ತದೆ, ಆದರೆ ಅರೆಬರೆ ಸುದ್ದಿ. ಇನ್ನೊಂದು ಮೆದುಳಿನ ಮೇಲ್ಪದರ ಸುತ್ತಿ ಬರುವ ದಾರಿ, ನಿಧಾನ, ಆದರೆ ಸರಿಯಾದ ಸುದ್ದಿ. ನನ್ನ ಡಿ.ಫಾರ್ಮ ಓದು ಎರಡನೇ ದಾರಿಯಲ್ಲಿ ಬರುತ್ತಿತ್ತು. ಅಷ್ಟರಲ್ಲಿ ಕೈ ಮೀಟರಿನಿಂದ ಹಿಂದೆ ಸರಿದು ಆಗಿರುತ್ತಿತ್ತು.

ಕೊನೆಗೆ ಚುಚ್ಚಿಕೊಂಡದ್ದು ಹೇಗೆ? ಜ್ಞಾನೋದಯ ಏನೂ ಆಗಲಿಲ್ಲ. ತಿಂಗಳಿಗೊಮ್ಮೆ ತಿಕೋಟಾ ಕಡೆಯಿಂದ ಒಬ್ಬ ಮುದುಕಿ ಗಂಡನ ಗುಳಿಗೆ ಒಯ್ಯಲು ಬರುತ್ತಾಳೆ. 2023ರ ನವೆಂಬರಿನಲ್ಲಿ ಒಂದು ದಿನ ಚಿಲ್ಲರೆ ಎಣಿಸುತ್ತಾ ಸುಮ್ನೆ ಕೇಳಿದಳು, "ತಮ್ಮಾ, ನಿಂದೆಷ್ಟೈತಿ?" ನಾನು ಥಟ್ಟನೆ "ನಾರ್ಮಲ್ ಐತಿ ಯವ್ವಾ" ಅಂದೆ. ಆಕೆ "ಬೇಷಾತು ಬಿಡು" ಅಂದು ಹೋದಳು. ಸುಳ್ಳು ಹೇಳಿದ್ದು ದೊಡ್ಡ ವಿಷಯ ಅಲ್ಲ, ಅಂಗಡಿ ನಡೆಸುವವರು ದಿನಕ್ಕೆ ನಾಲ್ಕು ಹೇಳುತ್ತೇವೆ. ಆದರೆ ಆಕೆ ಅದನ್ನು ಕೇಳಿ ಖುಷಿಪಟ್ಟಳಲ್ಲ, ಅದು ನನ್ನನ್ನು ಬಿಡಲಿಲ್ಲ. ರಾತ್ರಿ ಶಟರ್ ಅರ್ಧ ಎಳೆದು ಲೈಟ್ ಒಂದನ್ನೇ ಇಟ್ಟುಕೊಂಡು ಚುಚ್ಚಿಕೊಂಡೆ. 218. ಮೂರನೇ ದಿನ ಲ್ಯಾಬಿನಲ್ಲಿ, ಹಿಂದಿನ ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ ಮಾಡಿಸಿದೆ. 7.4. 6.5 ಮುಟ್ಟಿದರೆ ಕಾಯಿಲೆ ಅಂತಲೇ ಲೆಕ್ಕ.

ಇಲ್ಲಿಗೆ ಕಥೆ ಸುಲಭ ಆಗಬೇಕಿತ್ತು, ಆಗಲಿಲ್ಲ. ಆ ರಿಪೋರ್ಟನ್ನು ಬಿಲ್ಲುಗಳ ಕೆಳಗೆ ಡ್ರಾಯರಿನಲ್ಲಿ ಇಟ್ಟು ಹತ್ತು ದಿನ ನಾನೇ ಕಪಾಟಿನಿಂದ ಗುಳಿಗೆ ತೆಗೆದು ನುಂಗಿದೆ. ಗಿರಾಕಿ ಯಾರಾದರೂ ಹಾಗೆ ಮಾಡಿದ್ದರೆ ನಾನು ರಂಪ ಮಾಡುತ್ತಿದ್ದೆ. ಡಾಕ್ಟರ ಹತ್ತಿರ ಹೋಗದೆ ಇದ್ದದ್ದಕ್ಕೆ ಕಾರಣ ಒಂದೇ. ಅವರು ಕಾಲು ತೋರಿಸು ಅಂತಾರೆ ಅಂತ. ಕೊನೆಗೆ ಹೋದೆ, ಅವರು ಕಾಲನ್ನೇ ತೋರಿಸು ಅಂದರು, ಕಾಲು ಚೆನ್ನಾಗಿಯೇ ಇತ್ತು. ಎರಡು ವರ್ಷ ಹೆದರಿದ್ದು ಆ ಅರ್ಧ ನಿಮಿಷಕ್ಕೆ. ಗುಳಿಗೆ ಅವರು ಬರೆದುಕೊಟ್ಟರು, ಊಟದ ಬಗ್ಗೆ ಹೇಳಲು ಶುರು ಮಾಡಿ ನನ್ನ ಮುಖ ನೋಡಿ "ನಿಮಗೇನ್ ಹೇಳೂದ್ರೀ, ನಿಮಗ ಎಲ್ಲಾ ಗೊತ್ತೈತಿ" ಅಂದರು.

ಅದೇ ಸಮಸ್ಯೆ. ಎಲ್ಲಾ ಗೊತ್ತಿತ್ತು.

ಮೊದಲ ಹತ್ತು ದಿನ ನಾನು ಹೋದದ್ದು ಎಲ್ಲರೂ ಹೋಗುವ ದಾರಿಯಲ್ಲೇ. ಹಟ. ಸಿಹಿ ಪೂರ್ತಿ ಬಂದ್, ಅನ್ನ ಬಂದ್, ಚಾ ಬಂದ್, ಬೆಳಿಗ್ಗೆ ಐದಕ್ಕೆ ಎದ್ದು ಗೋಳಗುಮ್ಮಟದ ತನಕ ನಡಿಗೆ. ಹನ್ನೊಂದನೇ ದಿನಕ್ಕೆ ಎಲ್ಲ ಮುಗಿಯಿತು. ಅವತ್ತು ರಾತ್ರಿ ಒಂಬತ್ತಕ್ಕೆ ಅಂಗಡಿಯಲ್ಲೇ ನಿಂತು ಪಾವು ಕೆಜಿ ಜಿಲೇಬಿ ತಿಂದೆ, ಅದೂ ಪೇಪರಿನ ಮೇಲಿನ ಪಾಕ ಒರೆಸಿಕೊಂಡು. ಹಸಿವಾಗಿತ್ತಾ ಅಂತ ಕೇಳಿದರೆ ಇಲ್ಲ. ಏಳಕ್ಕಷ್ಟೇ ಮಂಡಕ್ಕಿ ಸೂಸಲಾ ತಿಂದಿದ್ದೆ. ಆಗ ಮೊದಲ ಸಲ ಅನ್ನಿಸಿತು, ನಾನು ತಿಂದದ್ದು ಜಿಲೇಬಿಯನ್ನಲ್ಲ, ಅವತ್ತು ಸಂಜೆ ಏನೋ ನಡೆದಿತ್ತು, ಅದನ್ನು.

ಏನು ನಡೆದಿತ್ತು ಅಂತ ನೆನಪು ಮಾಡಿಕೊಂಡೆ. ಉದ್ರಿ ಗಿರಾಕಿಯೊಬ್ಬ ನಾಲ್ಕು ಜನರ ಮುಂದೆ "ನೀ ಏನ್ ಸಾವ್ಕಾರ ಆಗಿ ಏನಲೇ" ಅಂದಿದ್ದ.

ಅಲ್ಲಿಂದ ನಾನು ಮಾಡಿದ್ದು ಒಂದೇ ಕೆಲಸ, ಇವತ್ತಿಗೂ ಮಾಡುತ್ತೇನೆ. ಉದ್ರಿ ವಹಿಯ ಹಿಂದಿನ ಹಾಳೆಗಳನ್ನು ನನಗೆ ಅಂತ ಇಟ್ಟುಕೊಂಡೆ. ಊಟ ಬಿಟ್ಟು ಏನೇ ಬಾಯಿಗೆ ಹಾಕಿದರೂ ಟೈಮ್, ಏನು ತಿಂದೆ, ಅದಕ್ಕಿಂತ ಸ್ವಲ್ಪ ಮುಂಚೆ ಏನಾಗಿತ್ತು. ಅಷ್ಟೇ. ಕ್ಯಾಲರಿ ಬರೆಯಲಿಲ್ಲ, ಗ್ರಾಮ್ ಬರೆಯಲಿಲ್ಲ. ಬರೆಯದೆ ತಿನ್ನಬಾರದು ಅನ್ನುವ ನಿಯಮ ಇತ್ತು, ತಿನ್ನಬಾರದು ಅಂತ ನಿಯಮ ಇರಲಿಲ್ಲ. ಮೂರು ವಾರ ಏನನ್ನೂ ಬದಲಾಯಿಸಲು ಹೋಗಲಿಲ್ಲ, ಡಾಕ್ಟರ ಗುಳಿಗೆ ಮಾತ್ರ ನುಂಗುತ್ತಾ ಸುಮ್ನೆ ಬರೆದೆ.

ಮೂರು ವಾರದ ನಂತರ ಒಂದು ಭಾನುವಾರ ಮಧ್ಯಾಹ್ನ ಆ ಹಾಳೆಗಳನ್ನು ಉದ್ರಿ ಲೆಕ್ಕ ನೋಡುವ ಹಾಗೆಯೇ ನೋಡಿದೆ. ನಾನು ಅಂದುಕೊಂಡದ್ದು, ನನಗೆ ಸಿಹಿ ಅಂದ್ರೆ ಆಸೆ ಜಾಸ್ತಿ ಅಂತ. ವಹಿ ಹೇಳಿದ್ದೇ ಬೇರೆ. ಸಿಹಿ ತಿಂದ ಇಪ್ಪತ್ತಾರು ಸಲದಲ್ಲಿ ಹದಿನೇಳು ಸಲ ರಾತ್ರಿ ಎಂಟೂವರೆಯಿಂದ ಒಂಬತ್ತೂವರೆ ಒಳಗೆ. ಹೆಚ್ಚಿನ ಸಲ ಅದರ ಹಿಂದೆ ಹಣದ ಮಾತು. ಹೋಲ್‌ಸೇಲಿನವರ ಫೋನು, ಉದ್ರಿ ಜಗಳ, ಬಾಡಿಗೆ. ಇನ್ನೊಂದು ತಮಾಷೆ ಅಂದ್ರೆ ವ್ಯಾಪಾರ ಚೆನ್ನಾಗಿ ಆದ ದಿನವೂ ತಿಂದಿದ್ದೆ. ದುಃಖಕ್ಕೂ ಅದೇ, ಸಂತೋಷಕ್ಕೂ ಅದೇ. ನಮ್ಮ ಕಡೆ ಮಗು ಹುಟ್ಟಿದರೂ ಪೇಡೆ, ಪಾಸಾದರೂ ಪೇಡೆ, ಹದಿಮೂರನೇ ದಿನಕ್ಕೂ ಸಿಹಿ ಊಟ. ಮೆದುಳು ಪಾಪ ಏನು ಕಲಿಯುತ್ತದೆ?

ಚಾ ವಿಷಯ ಇದಕ್ಕಿಂತ ಮಜಾ ಇದೆ. ದಿನಕ್ಕೆ ಎಂಟು ಸಣ್ಣ ಕಪ್ ಕುಡಿಯುತ್ತಿದ್ದೆ, ಒಂದೊಂದರಲ್ಲಿ ಒಂದೂವರೆ ಚಮಚ ಸಕ್ಕರೆ. ಒಟ್ಟು ಹನ್ನೆರಡು ಚಮಚ, ಹತ್ತಿರ ಹತ್ತಿರ 60 ಗ್ರಾಮ್. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ್ದು ದೊಡ್ಡವರಿಗೆ ದಿನಕ್ಕೆ ಸುಮಾರು 50 ಗ್ರಾಮಿಗಿಂತ ಕಡಿಮೆ ಇರಲಿ, 25ರ ಒಳಗಿದ್ದರೆ ಇನ್ನೂ ಒಳ್ಳೆಯದು ಅಂತ. ಅದು ಶುಗರ್ ಇಲ್ಲದವರಿಗೂ. ನಾನು ಪೇಡೆಯ ಮೇಲೆ ಕಣ್ಣಿಟ್ಟು ಕೂತಿದ್ದೆ, ಮುಕ್ಕಾಲು ಕಳ್ಳತನ ಚಾದಲ್ಲೇ ನಡೆದಿತ್ತು.

ನಾನು ಗಮನಿಸಿದ ಇನ್ನೊಂದು ಸಂಗತಿ, ಚಾ ಬೇಕು ಅನ್ನಿಸುತ್ತಿದ್ದದ್ದು ಬಾಯಿ ಒಣಗಿದಾಗ ಅಲ್ಲ. ಚಾ ಹುಡುಗ ಓಣಿಯ ಆ ತುದಿಯಲ್ಲಿ ಗ್ಲಾಸು ಗ್ಲಾಸಿಗೆ ತಾಗಿಸಿ ಸದ್ದು ಮಾಡಿದಾಗ. ಆ ಟಣ್ ಟಣ್ ಕೇಳಿದ ಕೂಡಲೇ ಕೈಯಲ್ಲಿ ಚೀಟಿ ಇದ್ದರೂ ಮನಸ್ಸು ಅತ್ತ. ವುಲ್ಫ್ರಾಮ್ ಶುಲ್ಟ್ಸ್ ಅನ್ನುವ ವಿಜ್ಞಾನಿ 1990ರ ದಶಕದಲ್ಲಿ ಮಂಗಗಳ ಮೇಲೆ ನಡೆಸಿದ ಪ್ರಯೋಗದ ಬಗ್ಗೆ ಓದಿದಾಗ ನನಗೆ ನಗು ಬಂತು, ಆ ಮಂಗ ನಾನೇ ಅಂತ. ಮಂಗಕ್ಕೆ ಹಣ್ಣಿನ ರಸ ಕೊಡುವ ಮುಂಚೆ ಒಂದು ದೀಪ ಹೊತ್ತಿಸುತ್ತಿದ್ದರು. ಮೊದಮೊದಲು ಡೋಪಮಿನ್ ಅನ್ನುವ ರಾಸಾಯನಿಕ ಬಿಡುವ ಮೆದುಳಿನ ಕೋಶಗಳು ರಸ ಸಿಕ್ಕಾಗ ಚುರುಕಾಗುತ್ತಿದ್ದವು. ರೂಢಿ ಆದಮೇಲೆ ರಸ ಸಿಕ್ಕಾಗ ಏನೂ ಇಲ್ಲ, ದೀಪ ಹೊತ್ತಿದಾಗಲೇ ಚುರುಕು. ದೀಪ ಹೊತ್ತಿಸಿ ರಸ ಕೊಡದಿದ್ದರೆ? ಸರಿಯಾಗಿ ರಸ ಬರಬೇಕಾದ ಹೊತ್ತಿಗೆ ಆ ಕೋಶಗಳು ಮಾಮೂಲಿಗಿಂತಲೂ ಕೆಳಗೆ ಇಳಿಯುತ್ತಿದ್ದವು. ಹಾಗಾಗಿ ಗ್ಲಾಸಿನ ಸದ್ದು ಕೇಳಿ ಚಾ ಕುಡಿಯದೆ ಕೂತರೆ ಬರುವ ಕಿರಿಕಿರಿ ಇದೆಯಲ್ಲ, ಅದು ನನ್ನ ಮನಸ್ಸಿನ ದೌರ್ಬಲ್ಯ ಅಲ್ಲ, ಬರಬೇಕಾದ ಬಾಕಿ ಬರಲಿಲ್ಲ ಅಂತ ಮೆದುಳು ಹಾಕುವ ಖೋತಾ ಲೆಕ್ಕ. ಇದನ್ನು ಓದಿದ ಮೇಲೆ ನನ್ನ ಮೇಲೆ ನನಗಿದ್ದ ಸಿಟ್ಟು ಅರ್ಧ ಇಳಿಯಿತು.

ಹಾಗಾಗಿ ಚಾ ಬಿಡಲಿಲ್ಲ. ಸದ್ದು ಕೇಳಿದಾಗ ಗ್ಲಾಸು ಬರಲಿ, ಒಳಗಿನದು ಬದಲಾಗಲಿ ಅಂತ ಮಾಡಿದೆ. ಹುಡುಗನಿಗೆ ಹೇಳಿ ಒಂದೂವರೆ ಚಮಚವನ್ನು ಒಂದಕ್ಕೆ ಇಳಿಸಿದೆ. ಹದಿನೈದು ದಿನ ಚಾ ಅಂದ್ರೆ ಕಷಾಯ ಅನ್ನಿಸಿತು. ಆಮೇಲೆ ಅರ್ಧ. ಅಲ್ಲಿ ಒಂದು ತಿಂಗಳು ನಿಂತೆ. ಆಮೇಲೆ ಇಲ್ಲವೇ ಇಲ್ಲ. ಈಗ ಯಾರದೋ ಮನೆಯಲ್ಲಿ ಮಾಮೂಲಿ ಚಾ ಕೊಟ್ಟರೆ ಪಾಯಸ ಕುಡಿದ ಹಾಗೆ ಆಗುತ್ತದೆ. ಎಂಟು ಕಪ್ ಐದಕ್ಕೆ ಬಂದಿದೆ, ಅದಕ್ಕಿಂತ ಇಳಿಸುವ ಆಸೆಯೂ ನನಗಿಲ್ಲ.

ರಾತ್ರಿ ಎಂಟೂವರೆಯ ಕಥೆ ಇಷ್ಟು ಸಲೀಸಾಗಿ ಬಗೆಹರಿಯಲಿಲ್ಲ. ಮೊದಲು ವಹಿಯಲ್ಲಿ "ಮುಂಚೆ ಏನಾಗಿತ್ತು" ಅನ್ನುವ ಜಾಗದಲ್ಲಿ ಬರೀ "ಸಿಟ್ಟು" ಅಂತ ಬರೆಯುತ್ತಿದ್ದೆ. ಸಿಟ್ಟು, ಸಿಟ್ಟು, ಸಿಟ್ಟು. ಕಾಲಮ್ಮು ತುಂಬಾ ಅದೇ. ಒಂದು ದಿನ ಬರೆಯಲು ಹೋಗಿ ಪೆನ್ನು ನಿಂತಿತು. ಇದು ಸಿಟ್ಟು ಅಲ್ಲ ಅನ್ನಿಸಿತು. ಯೋಚಿಸಿ "ಅವಮಾನ" ಅಂತ ಬರೆದೆ. ಎದೆಯಲ್ಲಿ ಏನೋ ಒಂದು ಗಂಟು ಸ್ವಲ್ಪ ಸಡಿಲಾಯಿತು, ಸುಳ್ಳು ಹೇಳ್ತಿಲ್ಲ. ಆಮೇಲೆ ಹಿಂದಿನ ಹಾಳೆ ತಿರುವಿ ನೋಡಿದೆ, ಅರ್ಧಕ್ಕರ್ಧ ಸಿಟ್ಟುಗಳು ಅವಮಾನಗಳೇ. ಕೆಲವು ಬ್ಯಾಸರಕಿ. ಒಂದೆರಡು, ಹೇಳಲು ನಾಚಿಕೆ, ಹೊಟ್ಟೆಕಿಚ್ಚು. ಎದುರಿಗೆ ಹೊಸದಾಗಿ ದೊಡ್ಡ ಮೆಡಿಕಲ್ ಶುರುವಾಗಿತ್ತು ಆಗ.

ಹೆಸರಿಟ್ಟರೆ ಭಾವನೆ ಇಳಿಯುತ್ತದೆ ಅನ್ನೋದು ನನ್ನೊಬ್ಬನ ಭ್ರಮೆ ಅಲ್ಲ ಅಂತ ಆಮೇಲೆ ಗೊತ್ತಾಯಿತು. ಕ್ಯಾಲಿಫೋರ್ನಿಯಾದಲ್ಲಿ ಮನಶ್ಶಾಸ್ತ್ರಜ್ಞ ಮ್ಯಾಥ್ಯೂ ಲೀಬರ್‌ಮನ್ ಮತ್ತು ಜೊತೆಗಾರರು 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಜನರಿಗೆ ಸಿಟ್ಟಿನ, ಹೆದರಿಕೆಯ ಮುಖಗಳನ್ನು ತೋರಿಸಿ ಮೆದುಳಿನ ಸ್ಕ್ಯಾನ್ ತೆಗೆದರು. ಆ ಭಾವನೆಗೆ ತಕ್ಕ ಶಬ್ದ ಆರಿಸಿದಾಗ ಅಮಿಗ್ಡಲಾದ ಗದ್ದಲ ಕಡಿಮೆ ಆಗುತ್ತಿತ್ತು, ಹಣೆಯ ಹಿಂದಿನ ಒಂದು ಭಾಗ ಚುರುಕಾಗುತ್ತಿತ್ತು. ನನ್ನ ಅನುಭವದಲ್ಲಿ ಶಬ್ದ ಸರಿಯಾಗಿ ಕೂರಬೇಕು. ಟೆನ್ಷನ್ ಅಂತ ಬರೆದರೆ ಏನೂ ಆಗುವುದಿಲ್ಲ. ಟೆನ್ಷನ್ ಅನ್ನೋದು ಖಾಲಿ ಡಬ್ಬಿ, ಯಾವ ಸಾಮಾನು ಬೇಕಾದರೂ ಹಾಕಬಹುದು. ಕಸಿವಿಸಿ, ಅಳುಕು, ತಳಮಳ, ಸಂಕಟ, ಮುನಿಸು ಅಂತ ನಮ್ಮ ಹತ್ತಿರ ಎಷ್ಟು ಒಳ್ಳೊಳ್ಳೆ ಮಾತಿವೆ, ಎಲ್ಲ ಬಿಟ್ಟು ಟೆನ್ಷನ್ ಒಂದನ್ನೇ ಹಿಡಿದುಕೊಂಡಿದ್ದೇವೆ.

ಹೆಸರಿಟ್ಟ ಮೇಲೂ ಜಿಲೇಬಿ ಬೇಕೇ ಬೇಕು ಅನ್ನಿಸುವ ದಿನ ಇರುತ್ತವೆ. ಆಗ ಗೋಡೆ ಗಡಿಯಾರ ನೋಡುತ್ತೇನೆ. ಕುಡಿತ ಬಿಡಿಸುವ ಕೆಲಸ ಮಾಡಿದ ಅಲನ್ ಮಾರ್ಲಾಟ್ ಅನ್ನುವ ಮನಶ್ಶಾಸ್ತ್ರಜ್ಞ ಆಸೆಯನ್ನು ಅಲೆಗೆ ಹೋಲಿಸಿದ್ದರು, ಏರುತ್ತದೆ, ನೆತ್ತಿ ಮುಟ್ಟುತ್ತದೆ, ಇಳಿಯುತ್ತದೆ, ಅದರ ಜೊತೆ ಕುಸ್ತಿ ಬೇಡ, ಮೇಲೆ ತೇಲಿ ಅಂತ. ವಿಜಯಪುರದವನಿಗೆ ಅಲೆ ಎಲ್ಲಿಂದ ತರಲಿ, ನಾನು ಅದನ್ನು ಕರೆಂಟ್ ಹೋಗೋದಕ್ಕೆ ಹೋಲಿಸಿಕೊಂಡೆ. ಹೋದ ಕೂಡಲೇ ಎದ್ದು ಓಡಾಡಿದರೆ ಮೊಣಕಾಲಿಗೆ ಪೆಟ್ಟು. ಸುಮ್ನೆ ಕೂತರೆ ಬರುತ್ತದೆ. ನನ್ನ ಲೆಕ್ಕದಲ್ಲಿ ಹೆಚ್ಚಿನ ಸಲ ಹನ್ನೆರಡು, ಹದಿನೈದು ನಿಮಿಷ. ಆ ಹೊತ್ತಿಗೆ ಅಂತ ಒಂದು ಕೆಲಸ ಇಟ್ಟುಕೊಂಡೆ. ಎಂಟೂವರೆಗೆ ಬಾಯಿ ಎಳೆದರೆ ಅವಧಿ ಮುಗಿಯುವ ಔಷಧಿಗಳ ರ‍್ಯಾಕ್ ನೋಡೋದು. "ಹೀಗಾದರೆ ಹೀಗೆ ಮಾಡ್ತೀನಿ" ಅಂತ ಮೊದಲೇ ಗೊತ್ತು ಮಾಡಿಕೊಂಡರೆ ಆ ಹೊತ್ತಿನಲ್ಲಿ ಹೊಸದಾಗಿ ಯೋಚಿಸುವ ಕಷ್ಟ ಇರೋದಿಲ್ಲ. ಪೀಟರ್ ಗೋಲ್‌ವಿಟ್ಸರ್ ಅನ್ನುವ ಮನಶ್ಶಾಸ್ತ್ರಜ್ಞರು ಇದನ್ನು ತುಂಬಾ ವರ್ಷ ಅಧ್ಯಯನ ಮಾಡಿದ್ದಾರೆ. ನನಗೆ ಲಾಭ ಎರಡಾಯಿತು, ಅವಧಿ ಮೀರಿದ ಮಾಲು ಒಂದೂ ಕಪಾಟಿನಲ್ಲಿ ಉಳಿಯುತ್ತಿಲ್ಲ.

ಜೊತೆಗೆ ರಾತ್ರಿ ಹತ್ತರ ಊಟವನ್ನು ಏಳೂವರೆಗೆ ತಂದೆ. ಮನೆಯಿಂದ ಡಬ್ಬಿ ಬರುತ್ತದೆ. ಎರಡು ಜೋಳದ ರೊಟ್ಟಿ, ಪಲ್ಲೆ, ಶೇಂಗಾ ಚಟ್ನಿ, ಮೊಸರು. ಹೊಟ್ಟೆ ತುಂಬಿದವನಿಗೆ ಅವಮಾನ ಆಗೋದಿಲ್ಲ ಅಂತಲ್ಲ, ಆದರೆ ಅದರ ಹಲ್ಲು ಅಷ್ಟು ಚೂಪಾಗಿರೋದಿಲ್ಲ.

ಮನೆಯ ಮಾತು ಬಂತಲ್ಲ, ಹೇಳಿಬಿಡುತ್ತೇನೆ. ವಿಷಯ ಗೊತ್ತಾದ ದಿನದಿಂದ ನನ್ನ ಹೆಂಡತಿ ಸಕ್ಕರೆ ಡಬ್ಬಿ ಬಚ್ಚಿಡಲು ಶುರು ಮಾಡಿದಳು. ನಾನು ಹುಡುಕಲು ಶುರು ಮಾಡಿದೆ. ಹಿಟ್ಟಿನ ಡಬ್ಬಿಯ ಹಿಂದೆ, ದೇವರ ಜಗಲಿಯ ಕೆಳಗೆ, ಒಂದು ಸಲ ವಾಷಿಂಗ್ ಮಷಿನ್ನಿನ ಒಳಗೆ. ಸಂಜೆ ಮನೆಗೆ ಕಾಲಿಟ್ಟ ಕೂಡಲೇ "ಇವತ್ತ ಏನೇನ್ ತಿಂದ್ರಿ?" ಅಂತ ಕೇಳುತ್ತಿದ್ದಳು. ಕಾಳಜಿಯಿಂದಲೇ ಕೇಳಿದ್ದು. ಆದರೆ ಯಾರಾದರೂ ಬೇಡ ಅಂದದ್ದು ನಮಗೆ ಜಾಸ್ತಿ ಬೇಕು ಅನ್ನಿಸುತ್ತದೆ, ಕೈಯಿಂದ ಹಕ್ಕು ಕಿತ್ತುಕೊಂಡ ಹಾಗೆ. ಜಾಕ್ ಬ್ರೆಹ್ಮ್ ಅನ್ನುವ ಮನಶ್ಶಾಸ್ತ್ರಜ್ಞ 1966ರಷ್ಟು ಹಿಂದೆಯೇ ಇದನ್ನು ವಿವರಿಸಿದ್ದರು. ವಹಿಯಲ್ಲಿ ನೋಡಿದರೆ, ಆಕೆ ಕೇಳಿದ ರಾತ್ರಿಗಳಲ್ಲೇ ನಾನು ಫ್ರಿಜ್ ಬಾಗಿಲು ತೆಗೆದಿದ್ದೆ. ಆ ಹಾಳೆಯನ್ನೇ ತೋರಿಸಿದೆ. ಮೊದಲು ಸಿಟ್ಟಾದಳು, "ಹಂಗಾರ ತಪ್ಪ ನಂದನ?" ಅಂತ. ಎರಡು ದಿನ ಮಾತಿಲ್ಲ. ಆಮೇಲೆ ತಾನೇ ಪ್ರಶ್ನೆ ಬದಲಾಯಿಸಿದಳು. "ಇವತ್ತ ಅಂಗಡ್ಯಾಗ ಏನಾತು?" ಅಂತ ಕೇಳುತ್ತಾಳೆ ಈಗ. ಹದಿನೆಂಟು ವರ್ಷದ ಸಂಸಾರದಲ್ಲಿ ಈ ಪ್ರಶ್ನೆ ನಮ್ಮ ಮಧ್ಯೆ ಇರಲೇ ಇಲ್ಲ ಅಂತ ಆಗ ಹೊಳೆಯಿತು.

ಸಂಕ್ರಾಂತಿಗೆ ಬಿದ್ದೆ. ಸಿದ್ದೇಶ್ವರ ಜಾತ್ರೆ, ಊರ ತುಂಬಾ ನೆಂಟರು, ತಂಗಿಯ ಮನೆಯಲ್ಲಿ ಶೇಂಗಾ ಹೋಳಿಗೆ. ಒಂದು ತಿನ್ನೋಣ ಅಂತ ಕೂತೆ, ನಾಲ್ಕಾಯಿತು. ಅದು ದೊಡ್ಡ ತಪ್ಪಲ್ಲ. ತಪ್ಪು ಆಮೇಲೆ ನಡೆದದ್ದು. "ಹೋದ್ರ ಹೋತು, ಇನ್ನ ಜಾತ್ರಿ ಮುಗದಮ್ಯಾಲ ನೋಡೂಣು" ಅಂತ ಒಂಬತ್ತು ದಿನ ಕೈಬಿಟ್ಟೆ. ವಹಿಯನ್ನೂ ಬರೆಯಲಿಲ್ಲ. ಬರೆಯದೆ ಇದ್ದದ್ದು ಮರೆವಿನಿಂದಲ್ಲ, ಅದರ ಮುಖ ನೋಡಲು ನಾಚಿಕೆ.

ಪೀಟರ್ ಹರ್ಮನ್ ಅನ್ನುವ ಮನಶ್ಶಾಸ್ತ್ರಜ್ಞ 1975ರಲ್ಲಿ ಜೊತೆಗಾರರೊಂದಿಗೆ ಪ್ರಕಟಿಸಿದ ಒಂದು ಪ್ರಯೋಗ ಇದೆ. ಪಥ್ಯದಲ್ಲಿದ್ದ ಕೆಲವರಿಗೆ ಮಿಲ್ಕ್‌ಶೇಕ್ ಕುಡಿಸಿ ಆಮೇಲೆ ಎಷ್ಟು ಬೇಕೋ ಅಷ್ಟು ಐಸ್‌ಕ್ರೀಮ್ ತಿನ್ನಿ ಅಂದರು. ಹೊಟ್ಟೆ ತುಂಬಿದವರು ಕಡಿಮೆ ತಿನ್ನಬೇಕಲ್ವಾ? ಪಥ್ಯ ಇಲ್ಲದವರು ಹಾಗೇ ಮಾಡಿದರು. ಪಥ್ಯದವರು ಮಿಲ್ಕ್‌ಶೇಕ್ ಕುಡಿದ ಮೇಲೆ ಇನ್ನೂ ಜಾಸ್ತಿ ತಿಂದರು. ಹೇಗೂ ಕೆಟ್ಟಿತು, ಪೂರ್ತಿ ಕೆಡಲಿ ಅಂತ. ನಾವು ನಮ್ಮ ಭಾಷೆಯಲ್ಲಿ "ಹೋದ್ರ ಹೋತು" ಅಂತ ಎಷ್ಟು ಚೆನ್ನಾಗಿ ಹೇಳುತ್ತೇವೆ. ನನ್ನ ಶುಗರಿಗೆ ನಾಲ್ಕು ಹೋಳಿಗೆ ಮಾಡಿದ್ದಕ್ಕಿಂತ ಆ ಎರಡು ಶಬ್ದ ಮಾಡಿದ್ದು ಜಾಸ್ತಿ. ಅದಾದ ಮೇಲೆ ಒಂದು ಪದ್ಧತಿ ಮಾಡಿಕೊಂಡೆ. ತಪ್ಪಿದರೆ ಸೋಮವಾರದಿಂದ ಅಲ್ಲ, ನಾಳೆಯಿಂದಲೂ ಅಲ್ಲ, ಮುಂದಿನ ಊಟದಿಂದ. ಮಧ್ಯಾಹ್ನ ಹೋಳಿಗೆ ತಿಂದೆನಾ, ರಾತ್ರಿ ರೊಟ್ಟಿ. ಲಂಡನ್ನಿನ ಒಂದು ಅಧ್ಯಯನದಲ್ಲಿ ಹೊಸ ರೂಢಿ ಕೂರಲು ಸರಾಸರಿ 66 ದಿನ ಹಿಡಿಯಿತು, ಒಬ್ಬೊಬ್ಬರಿಗೆ 18ರಿಂದ 254 ದಿನದವರೆಗೆ. ನಡುವೆ ಒಂದು ದಿನ ತಪ್ಪಿದ್ದರಿಂದ ಅಂಥ ನಷ್ಟವೇನೂ ಆಗಿರಲಿಲ್ಲ. 21 ದಿನ ಅಂತ ಎಲ್ಲರೂ ಹೇಳುವ ಮಾತನ್ನು ನಂಬಿ ನಾನು ಸುಮ್ನೆ ಅವಸರ ಪಟ್ಟಿದ್ದೆ.

ಮೇ ತಿಂಗಳಲ್ಲಿ ಇನ್ನೊಂದು ಪಾಠ. ನಮ್ಮ ಕಡೆಯ ಮೇ ಗೊತ್ತಲ್ಲ, ಮಾಳಿಗೆಯ ಕಲ್ಲು ರಾತ್ರಿ ಹನ್ನೆರಡಕ್ಕೂ ಬಿಸಿ. ನಾಲ್ಕೈದು ತಾಸು ನಿದ್ದೆ ಆದರೆ ಪುಣ್ಯ. ಆ ತಿಂಗಳು ವಹಿಯಲ್ಲಿ ಸಿಹಿ, ಕರಿದದ್ದು, ಮಿರ್ಚಿ ಭಜಿ ಎಲ್ಲ ಏಕಾಏಕಿ ಏರಿದವು, ಜಗಳ ಏನೂ ಇಲ್ಲದ ದಿನವೂ. ನಿದ್ದೆಯ ಕಾಲಮ್ಮನ್ನು ಸೇರಿಸಿದ ಮೇಲೆ ಗುಟ್ಟು ರಟ್ಟಾಯಿತು. ಶಿಕಾಗೋದಲ್ಲಿ 2004ರಲ್ಲಿ 12 ಆರೋಗ್ಯವಂತ ಯುವಕರ ಮೇಲೆ ನಡೆದ ಅಧ್ಯಯನದಲ್ಲಿ ಎರಡು ರಾತ್ರಿ ನಾಲ್ಕೇ ತಾಸು ಮಲಗಿಸಿದಾಗ ಹೊಟ್ಟೆ ತುಂಬಿತು ಅಂತ ಹೇಳುವ ಲೆಪ್ಟಿನ್ ಹಾರ್ಮೋನು 18 ಶೇಕಡಾ ಇಳಿದಿತ್ತು, ಹಸಿವು ಕೂಗುವ ಗ್ರೆಲಿನ್ 28 ಶೇಕಡಾ ಏರಿತ್ತು. ಸಿಹಿ, ಉಪ್ಪು, ಹಿಟ್ಟಿನ ತಿನಿಸಿನ ಆಸೆಯೇ ಜಾಸ್ತಿ. ನಾನು ಒಂದು ಹಳೇ ಕೂಲರ್ ರಿಪೇರಿ ಮಾಡಿಸಿದೆ. ಡಯಟ್‌ಗೆ ಅಂತ ಖರ್ಚು ಮಾಡಿದ್ದರಲ್ಲಿ ಅದೇ ಅತಿ ಉಪಯೋಗದ್ದು.

ಜಗಳ ಶುಗರನ್ನು ನೇರವಾಗಿಯೂ ಏರಿಸುತ್ತದಾ ಅಂತ ಕುತೂಹಲಕ್ಕೆ ಒಂದು ಸಲ ನೋಡಿದೆ. ಹೊಸ ಸ್ಟಾಕಿನ ಬಿಲ್ಲಿನ ವಿಷಯಕ್ಕೆ ಫೋನಿನಲ್ಲಿ ಜೋರು ಮಾತಾಗುವ ಸ್ವಲ್ಪ ಮುಂಚೆ 142 ಇತ್ತು. ಏನೂ ತಿನ್ನದೆ ಮುಕ್ಕಾಲು ತಾಸಿನ ನಂತರ 171. ಮೀಟರಿನಲ್ಲೇ ಒಂದಿಷ್ಟು ಹೆಚ್ಚುಕಡಿಮೆ ಇರುತ್ತದೆ, ಹಾಗಾಗಿ ಒಂದು ಸಲದ ಲೆಕ್ಕ ಹಿಡಿದು ದೊಡ್ಡ ಮಾತು ಆಡುವುದಿಲ್ಲ. ಆದರೆ ಸಿಟ್ಟು, ಹೆದರಿಕೆ ಬಂದಾಗ ಅಡ್ರಿನಲಿನ್, ಕಾರ್ಟಿಸೋಲ್ ಹಾರ್ಮೋನು ಏರಿ ಯಕೃತ್ತು ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತದೆ ಅನ್ನೋದು ಪಾಠದಲ್ಲೇ ಇದೆ. ಹುಲಿ ಬಂದರೆ ಓಡಲಿ ಅಂತ ದೇಹ ಕೊಡುವ ಬುತ್ತಿ ಅದು. ಬಿಲ್ಲಿನ ಜಗಳದಲ್ಲಿ ಓಡೋದು ಎಲ್ಲಿಗೆ? ಕುರ್ಚಿಯಲ್ಲಿ ಕೂತಲ್ಲೇ ಬುತ್ತಿ ಕೊಳೆಯುತ್ತದೆ.

ನಡಿಗೆ ಅದಕ್ಕೇ ಬೇಕು. ಬೆಳಿಗ್ಗೆ ಐದರ ನಡಿಗೆ ನನಗೆ ಒಗ್ಗಲಿಲ್ಲ, ಬಿಟ್ಟೆ. ಡಬ್ಬಿ ಊಟ ಆದಮೇಲೆ ಪಕ್ಕದ ಬಟ್ಟೆ ಅಂಗಡಿಯವರು ಬಂದು ಕೌಂಟರ್ ಬಡಿಯುತ್ತಾರೆ, ಇಬ್ಬರೂ ಹದಿನೈದು ಇಪ್ಪತ್ತು ನಿಮಿಷ ಬಾರಾ ಕಮಾನ್ ಕಡೆ ಹೋಗಿ ಬರುತ್ತೇವೆ. ಹುಡುಗ ಅಂಗಡಿ ನೋಡಿಕೊಳ್ಳುತ್ತಾನೆ. ಊಟದ ನಂತರ ಸ್ವಲ್ಪ ನಡೆದರೂ ಏರುವ ಸಕ್ಕರೆಗೆ ಲಗಾಮು ಬೀಳುತ್ತದೆ. ನನ್ನನ್ನು ಎಬ್ಬಿಸೋದು ಆರೋಗ್ಯದ ಚಿಂತೆ ಅಲ್ಲ, ಅವರು ಬಂದು ನಿಂತಾಗ ಇಲ್ಲ ಅನ್ನಲು ಆಗುವ ಸಂಕೋಚ. ಆ ಸಂಕೋಚವೂ ಭಾವನೆಯೇ ಅಲ್ವಾ, ಅದನ್ನೂ ದುಡಿಸಿಕೊಳ್ಳಬಹುದು.

ಮೂರು ತಿಂಗಳಿಗೆ ಎಚ್‌ಬಿಎ1ಸಿ 6.9 ಆಯಿತು, ಹತ್ತು ತಿಂಗಳಿಗೆ 6.3. ಗುಳಿಗೆ ನಡೆದೇ ಇದೆ, ಡಾಕ್ಟರನ್ನು ಕೇಳದೆ ಒಂದು ದಿನವೂ ಬಿಟ್ಟಿಲ್ಲ. ಗುಳಿಗೆಯ ಪಾಲೆಷ್ಟು, ವಹಿಯ ಪಾಲೆಷ್ಟು ಅಂತ ನಾನು ಭಾಗ ಮಾಡಿ ಹೇಳಲಾರೆ.

ಕೌಂಟರಿನಲ್ಲಿ ನನ್ನ ಮಾತು ಬದಲಾಗಿದೆ. ಮೊದಲು ಗುಳಿಗೆ ತಪ್ಪಿಸಿದವರಿಗೆ ಬೈಯುತ್ತಿದ್ದೆ. ಬೈಸಿಕೊಂಡವರು ಮುಂದಿನ ತಿಂಗಳು ಬೇರೆ ಅಂಗಡಿಗೆ ಹೋಗುತ್ತಿದ್ದರು, ಗುಳಿಗೆ ಮಾತ್ರ ಅಲ್ಲೂ ತಪ್ಪಿಸುತ್ತಿದ್ದರು. ಬಿಪಿ, ಶುಗರ್ ನೋಯುವ ಕಾಯಿಲೆಗಳಲ್ಲ. "ಆರಾಮೈತ್ರಿ ಈಗ, ಅದಕ್ಕ ಬಿಟ್ಟೆ" ಅನ್ನುವವರಿಗೆ ಗುಳಿಗೆ ಅಂದ್ರೆ ನೀನು ರೋಗಿ ಅಂತ ದಿನಾ ನೆನಪಿಸುವ ವಸ್ತು. ಈಗ ಎರಡೇ ಪ್ರಶ್ನೆ ಕೇಳುತ್ತೇನೆ. ಸ್ಟ್ರಿಪ್ ಎಲ್ಲಿ ಇಟ್ಟೀರಿ? ಬಿಟ್ಟ ದಿನ ಮನಸ್ಸಿನ್ಯಾಗ ಏನಿತ್ತು? ಮೊದಲನೆಯದಕ್ಕೆ "ಟ್ರಂಕಿನ್ಯಾಗ" ಅಂದರೆ ಚಾ ಡಬ್ಬಿಯ ಪಕ್ಕ ಇಡಿ ಅನ್ನುತ್ತೇನೆ. ಎರಡನೆಯದಕ್ಕೆ ಕೆಲವರು ಕೌಂಟರಿನ ಮೇಲೆ ಕೈಯೂರಿ ಕಾಲು ತಾಸು ಮಾತಾಡುತ್ತಾರೆ. ಹಿಂದೆ ನಿಂತ ಗಿರಾಕಿಗಳು ಗೊಣಗುತ್ತಾರೆ.

ಆಂಟೋನಿಯೋ ಡಮಾಸಿಯೋ ಅನ್ನುವ ನರವೈದ್ಯರು ಹೇಳುವ ಒಬ್ಬ ರೋಗಿಯ ನೆನಪಾಗುತ್ತದೆ. ಹಣೆಯ ಹಿಂದಿನ ಭಾಗಕ್ಕೆ ಪೆಟ್ಟಾಗಿ ಬುದ್ಧಿ ಪೂರ್ತಿ ಉಳಿದಿತ್ತು, ಭಾವನೆ ಮಂಕಾಗಿತ್ತು. ಮುಂದಿನ ಭೇಟಿಗೆ ಎರಡು ತಾರೀಕು ಕೊಟ್ಟು ಒಂದನ್ನು ಆರಿಸು ಅಂದರೆ ಹತ್ತಿರ ಹತ್ತಿರ ಅರ್ಧ ತಾಸು ಎರಡರ ಸರಿತಪ್ಪು ಲೆಕ್ಕ ಹಾಕುತ್ತಾ ಕೂತನಂತೆ. ಲೆಕ್ಕ ಎಲ್ಲ ಸರಿ, ತೀರ್ಮಾನ ಮಾತ್ರ ಇಲ್ಲ. ನನ್ನದು ಅದರ ಉಲ್ಟಾ. ತಾರೀಕು ಆರಿಸಲು ನನಗೆ ಒಂದು ಕ್ಷಣ ಸಾಕು, ಯಾವಾಗಲೂ ದೂರದ್ದನ್ನೇ ಆರಿಸುತ್ತೇನೆ.

ಯಾಕೆ ಹೇಳಿದೆ ಅಂದ್ರೆ, ಶುಗರ್ ಇದ್ದವರು ವರ್ಷಕ್ಕೊಮ್ಮೆ ಕಣ್ಣಿನ ಒಳಪರದೆ ತೋರಿಸಬೇಕು. ಡಾಕ್ಟರು ಬರೆದುಕೊಟ್ಟು ನಾಲ್ಕು ತಿಂಗಳಾಯಿತು. ಆ ಚೀಟಿ ಡ್ರಾಯರಿನಲ್ಲಿ, ಬಿಲ್ಲುಗಳ ಕೆಳಗೆ, ಅದೇ ಹಳೇ ಜಾಗದಲ್ಲಿದೆ. ಮೊನ್ನೆ ವಹಿಯಲ್ಲಿ ಅದರ ಮುಂದೆ "ಅಳುಕು" ಅಂತ ಬರೆದೆ. ಬರುವ ಮಂಗಳವಾರಕ್ಕೆ ಹೆಸರು ಹಚ್ಚಿದ್ದೇನೆ. ಕಣ್ಣಿಗೆ ಡ್ರಾಪ್ಸ್ ಹಾಕಿದರೆ ಕೆಲವು ತಾಸು ಮಂಜು ಮಂಜಾಗಿ ಕಾಣುತ್ತದೆ, ಗಾಡಿ ಓಡಿಸಲು ಆಗುವುದಿಲ್ಲ, ಅದಕ್ಕೆ ಬಟ್ಟೆ ಅಂಗಡಿಯವರನ್ನು ಬರಲು ಹೇಳಿದ್ದೇನೆ. ಮಂಗಳವಾರ ಮಧ್ಯಾಹ್ನದವರೆಗೆ ಅಂಗಡಿ ಬಂದ್ ಅಂತ ಗಾಜಿಗೆ ಎರಡು ಚೀಟಿ ಅಂಟಿಸಿದ್ದಾಗಿದೆ, ಒಂದು ಹೊರಗಡೆಗೆ ಮುಖ ಮಾಡಿ, ಇನ್ನೊಂದು ಒಳಗಡೆಗೆ.